ಅಟ್ಟದ ಮೇಲಿನ ಬೂಷ್ಟು

ಮಲೆನಾಡಿನ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಅರ್ಧ ಉಗ್ರಾಣ, ಅರ್ಧ ದಫ್ತರು. ಮದುವೆ ಮುಂಜಿಗಳಿಗೆ ಮಾತ್ರ ಕೆಳಗಿಳಿಯುವ ಕೊಪ್ಪರಿಗೆ, ನೆಂಟರ ಹಾಸಿಗೆ ಸುರುಳಿ, ಜಾತಕದ ಕಟ್ಟು, ಎಲ್ಲಕ್ಕೂ ಅದೇ ಆಶ್ರಯ. ಒಮ್ಮೆ ಮೇಲೇರಿದ್ದು ಮತ್ತೆ ನೆನಪಾಗುವುದು ಅಪರೂಪ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಒಂದು ದೀಪಾವಳಿಗೆ ಪಾತ್ರೆ ಇಳಿಸಲೆಂದು ಏಣಿ ಹತ್ತಿದರೆ ಮೊದಲು ಎದುರಾದದ್ದು ಮುಗ್ಗಲು ವಾಸನೆ. ಪೆಟ್ಟಿಗೆ ತೆರೆದು ನೋಡುತ್ತೇನೆ, ತಂದೆಯವರು ತಮ್ಮ ಕೈಯಾರೆ ಬರೆದಿಟ್ಟ ಲೆಕ್ಕದ ಪುಸ್ತಕಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಮೇಲೆ ಹಸುರು ಬೂಷ್ಟು! ಅರ್ಧದಷ್ಟು ಹಾಳೆಗಳನ್ನು ಬಿಡಿಸಲಾಗಲೇ ಇಲ್ಲ.

ಮಳೆ ಹಿಂದೆ ಇರಲಿಲ್ಲವೆ ಎಂದು ನೀವು ಕೇಳಬಹುದು. ಇತ್ತು. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವುದು ಹೊಸ ಸಂಗತಿಯಲ್ಲ. ಬದಲಾದದ್ದು ಮಳೆಯಲ್ಲ, ಒಲೆ. ಸೌದೆ ಒಲೆಯ ಬಿಸಿ ಹೊಗೆ ಅಟ್ಟವನ್ನು ಹಾದು ಹಂಚಿನ ಸಂದಿಗಳಿಂದ ಹೊರಗೆ ಹೋಗುತ್ತಿತ್ತು. ಜಂತಿಗೆ ಮಸಿ ಹಿಡಿದರೂ ತೇವ ನಿಲ್ಲುತ್ತಿರಲಿಲ್ಲ. ಆ ಹೊಗೆ ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ಅದು ನಮ್ಮ ಅಜ್ಜಿಯಂದಿರ ಕಣ್ಣನ್ನೂ ಎದೆಯನ್ನೂ ತಿಂದಿತು. ಆದರೆ ಗ್ಯಾಸ್ ಒಲೆ ಬಂದ ಮೇಲೆ ನಾವು ಹೊಗೆಯ ದಾರಿಗಳನ್ನೆಲ್ಲ ಮುಚ್ಚಿಬಿಟ್ಟೆವು. ಅಡಿಗೆಯ ಅನಿಲ ಒಂದು ಕಿಲೋ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ. 14.2 ಕಿಲೋ ಸಿಲಿಂಡರು ಮುಗಿಯುವಷ್ಟರಲ್ಲಿ 20 ಲೀಟರಿಗೂ ಹೆಚ್ಚು ನೀರು, ಕಣ್ಣಿಗೆ ಕಾಣದೆ, ಮನೆಯೊಳಗೆ ಬಂದಿರುತ್ತದೆ! ಇದರ ಮೇಲೆ ಅನ್ನದ ಆವಿ, ಬಚ್ಚಲಿನ ಆವಿ. ಎಲ್ಲ ಮೇಲಕ್ಕೇರಿ, ತಣ್ಣಗಿನ ಹಂಚಿಗೋ ತಗಡಿಗೋ ತಾಗಿ, ಹನಿಯಾಗಿ ಮತ್ತೆ ನಮ್ಮ ಪೆಟ್ಟಿಗೆಯ ಮೇಲೆ ಬೀಳುತ್ತದೆ.

ಆದುದರಿಂದ ಮೊದಲು ತಿಳಿಯಬೇಕಾದದ್ದು, ನೀರು ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂಬುದು. ಹಂಚು ಒಡೆದಿದ್ದರೆ ಕಲೆ ಒಂದೇ ಕಡೆ ಉಂಗುರದಂತೆ ಕಾಣುತ್ತದೆ, ಜಡಿಮಳೆಯಾದ ಮೇಲೆ ಬೆಳೆಯುತ್ತದೆ. ಎರಡು ಮಾಡು ಕೂಡುವ ಮೂಲೆಯಲ್ಲಿ ತರಗೆಲೆ ತುಂಬಿದ್ದರೂ ಹೀಗೆಯೇ. ಆವಿಯ ತೇವವಾದರೆ ಅಡಿಗೆಮನೆ, ಬಚ್ಚಲುಮನೆಗಳ ಮೇಲ್ಭಾಗದಲ್ಲಿ ಎಲ್ಲೆಡೆ ಹರಡಿಕೊಂಡಿರುತ್ತದೆ, ಮಳೆ ಬಾರದ ದಿನವೂ ಆರುವುದಿಲ್ಲ.

ಸೋರಿಕೆಗೆ ಮೇ ತಿಂಗಳಲ್ಲಿ ಹಂಚು ಕೈಯಾಡಿಸುವುದೇ ಮದ್ದು. ಆವಿಗೆ ದಾರಿ ಬೇಕು: ಅಡಿಗೆಮನೆಯ ಗೋಡೆಯಲ್ಲಿ ಹೊರಕ್ಕೆ ಊದುವ ಫ್ಯಾನು, ಅಟ್ಟದ ಎರಡು ತುದಿಗಳ ಗೋಡೆಯಲ್ಲಿ ಎದುರುಬದುರಾಗಿ ಜಾಲರಿ ಹಾಕಿದ ಕಿಂಡಿ. ಜಾಲರಿ ಮರೆಯಬೇಡಿ, ಬಾವಲಿಗಳು ಬಹಳ ಬೇಗ ಒಕ್ಕಲಾಗುತ್ತವೆ. ಕೆಲವರು ಹಂಚಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ನೆಮ್ಮದಿಯಾಗಿರುತ್ತಾರೆ. ಮೇಲಿನ ಹನಿ ನಿಂತರೂ ಕೆಳಗಿನ ಆವಿಗೆ ಅದು ಸೆರೆಮನೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮಾಡಲು ತೊಡಗಿದ ಹಂಚಿನ ದೊಡ್ಡ ಗುಣವೇ ನೀರನ್ನು ತಡೆದು ಗಾಳಿಯನ್ನು ಬಿಡುವುದು. ಆದರೂ ಜುಲೈ ತಿಂಗಳಲ್ಲಿ ಹೊರಗಿನ ಗಾಳಿಯೇ ಒದ್ದೆ. ಎಷ್ಟು ಕಿಂಡಿ ಇಟ್ಟರೂ ಆಗ ಅಟ್ಟ ಕಾಗದಕ್ಕೆ ತಕ್ಕ ಜಾಗವಲ್ಲ.

ಈಗಾಗಲೇ ಬೂಷ್ಟು ಬಂದಿದ್ದರೆ, ಪೊರಕೆಯಿಂದ ಒಣಗುಡಿಸಬೇಡಿ. ಅದರ ಬೀಜದ ಪುಡಿ ಮನೆಯೆಲ್ಲ ಹಾರುತ್ತದೆ. ಮೂಗುಬಾಯಿಗಳಿಗೆ ಒಳ್ಳೆಯ ಮಾಸ್ಕು ಹಾಕಿಕೊಂಡು, ಸೋಪುನೀರಿನ ಬಟ್ಟೆಯಿಂದ ಒರಸಿ, ಅಂದೇ ಗಾಳಿಗೆ ಆರಿಸಬೇಕು. ಉಬ್ಬಸವುಳ್ಳವರು ಏಣಿ ಹತ್ತುವುದೇ ಬೇಡ. ಬ್ಲೀಚಿಂಗ್ ಪುಡಿ ಬಳಸುವವರು ಅದಕ್ಕೆ ಪಾಯಿಖಾನೆ ತೊಳೆಯುವ ಆಸಿಡ್ ಸೇರಿಸಲೇಬಾರದು, ವಿಷದ ಗಾಳಿ ಏಳುತ್ತದೆ. ಬೂಷ್ಟು ಹಿಡಿದ ಹತ್ತಿಯ ಹಾಸಿಗೆಯ ಮೇಲೆ ಮೋಹ ಬಿಟ್ಟುಬಿಡಿ.

ಕಾಗದಗಳನ್ನು ಮಾತ್ರ ಬಿಸಿಲಿಗೆ ಹಾಕದೆ ನೆರಳಿನಲ್ಲಿ ಆರಿಸಿ, ಪೂರ್ತಿ ಒಣಗಿದ ಮೇಲೆ ಹೊರಜಗಲಿಯಲ್ಲಿ ಮೃದುವಾದ ಬ್ರಷ್ಷಿನಿಂದ ಸವರಬೇಕು. ಅಂಟಿದ ಹಾಳೆಗಳನ್ನು ಎಳೆಯಬಾರದು. ನಾನು ಅವಸರದಲ್ಲಿ ಎಳೆದೆ. ತಂದೆಯವರ ಅಕ್ಷರ ಎದುರು ಹಾಳೆಗೆ ಹತ್ತಿಕೊಂಡು ಬಂತು. ಉಳಿದ ಪುಸ್ತಕಗಳು ಈಗ ನಡುಮನೆಯ ಒಳಗೋಡೆಯ ಕಪಾಟಿನಲ್ಲಿವೆ.