ಮೊಬೈಲಿನ ಪಣ: ಜುಮಾ ಪ್ರವಚನದ ಸಾರ

ಸಹೋದರರೇ, ಇಸ್ಪೀಟು, ಮಟ್ಕಾ ಹರಾಮ್ ಎಂದರೆ ನಮ್ಮ ಹಗರಿಬೊಮ್ಮನಹಳ್ಳಿಯ ಹುಡುಗರು ತಲೆಯಾಡಿಸುತ್ತಾರೆ. ಮೊಬೈಲಿನಲ್ಲಿ ಹನ್ನೊಂದು ಆಟಗಾರರ ತಂಡ ಕಟ್ಟಿ ದುಡ್ಡು ಹಾಕುವ ಮಾತೆತ್ತಿದರೆ ಮಾತ್ರ, "ಹಜರತ್, ಅದು ಜೂಜಲ್ಲ, ತಲೆ ಓಡಿಸುವ ಆಟ. ಕೋರ್ಟೇ ಹೇಳಿದೆ" ಎನ್ನುತ್ತಾರೆ.

ಕೋರ್ಟು ಹೇಳಿದ್ದು ನಿಜ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದನ್ನು ರದ್ದುಮಾಡಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದು ಅದರ ನಿಲುವು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. ಕೌಶಲವಿರಲಿ, ಅದೃಷ್ಟವಿರಲಿ, ಹಣದ ಆನ್‌ಲೈನ್ ಆಟ ನಡೆಸಿದವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷ, 50 ಲಕ್ಷ. ಬರೀ ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ.

ಶಿಕ್ಷೆಯಿಲ್ಲ ಎಂದರೆ ಹಲಾಲ್ ಎಂದಲ್ಲ. ಶರೀಅತ್ ಕೇಳುವ ಪ್ರಶ್ನೆಯೇ ಬೇರೆ: ಗೆದ್ದವನ ಕೈಗೆ ಬಂದ ಹಣ ಯಾರದು? ಸೋತವರು ಕಟ್ಟಿದ್ದು. ಸೂರಃ ಅಲ್ ಮಾಇದಃದ 90, 91ನೇ ಆಯತ್‌ಗಳು ಜೂಜನ್ನು ಮದ್ಯದ ಪಕ್ಕದಲ್ಲಿಟ್ಟಿವೆ. ಅದು ಹಗೆ ಹುಟ್ಟಿಸುತ್ತದೆ, ನಮಾಝ್‌ನಿಂದ ತಡೆಯುತ್ತದೆ ಎಂದು ಎಚ್ಚರಿಸಿವೆ. ಐಪಿಎಲ್ ದಿನಗಳಲ್ಲಿ ಇಶಾದ ಸಫ್‌ಗಳು ಎಷ್ಟು ಕಿರಿದಾಗುತ್ತವೆ ಎಂಬುದು ಮಿಹ್ರಾಬಿನಿಂದ ತಿರುಗಿ ನೋಡುವ ನಮಗೆ ಗೊತ್ತು.

ಗೆಳೆಯನನ್ನು ಜೂಜಿಗೆ ಕರೆದವನು ಸದಖಾ ಕೊಡಬೇಕೆಂದು ಪ್ರವಾದಿ(ಸ)ರು ಹೇಳಿದ್ದು ಬುಖಾರಿಯಲ್ಲಿದೆ. ಆಡಿದ್ದಕ್ಕಲ್ಲ, ಬರೀ ಕರೆದಿದ್ದಕ್ಕೆ! ವಾಟ್ಸ್ಆ್ಯಪ್‌ನಲ್ಲಿ ರೆಫರಲ್ ಕೋಡ್ ಕಳಿಸಿ ಬೋನಸ್ ತೆಗೆದುಕೊಂಡವರು ಇದನ್ನು ನೆನಪಿಡಲಿ.

ನಮ್ಮೂರ ಟೆನಿಸ್ ಬಾಲ್ ಟೂರ್ನಿಗಳಿಗೂ ಈ ಮಾತು ತಾಗುತ್ತದೆ. ತಂಡಗಳ ಎಂಟ್ರಿ ಫೀಯನ್ನೇ ಒಟ್ಟುಮಾಡಿ ಬಹುಮಾನ ಕೊಟ್ಟರೆ ಅದೂ ಪಣವೇ. ಫೀ ಚೆಂಡಿಗೆ, ಶಾಮಿಯಾನಕ್ಕೆ ಹೋಗಲಿ, ಬಹುಮಾನವನ್ನು ಆಡದವರೊಬ್ಬರು ಕೊಡಲಿ. ಆಗ ಧಾರಾಳವಾಗಿ ಆಡಿ, ನಾವೂ ನೋಡಲು ಬರುತ್ತೇವೆ.

ಕಳೆದ ತಿಂಗಳು ಒಬ್ಬ ತಾಯಿ ಮಸೀದಿ ಗೇಟಿನ ಬಳಿ ನಿಂತಿದ್ದರು. ಮಗನ ಸಾಲ ತೀರಿಸಲು ಕಿವಿಯ ಓಲೆ ಅಡವಿಟ್ಟಿದ್ದರು. ತಂದೆಗೆ ಇನ್ನೂ ತಿಳಿದಿರಲಿಲ್ಲ. ಹೀಗೆ ಸಿಕ್ಕಿಕೊಂಡವರು ಮಗ್ರಿಬ್ ನಂತರ ನಮ್ಮ ಕೋಣೆಗೆ ಬನ್ನಿ. ಹೆಸರು ಹೊರಗೆ ಹೋಗುವುದಿಲ್ಲ. ಆ್ಯಪನ್ನು ಅಲ್ಲೇ ತೆಗೆದುಹಾಕಿ, ಯಾರಿಗೆ ಎಷ್ಟು ಕೊಡಬೇಕೆಂದು ಕುಳಿತು ಬರೆಯೋಣ. ತಂದೆಯವರೇ, ವಿಷಯ ಗೊತ್ತಾದ ದಿನ ಮಗನ ಮೇಲೆ ಕೈಯೆತ್ತಬೇಡಿ, ಜೊತೆಗೆ ಕರೆದುಕೊಂಡು ಬನ್ನಿ.