ಇಂಜಿನ್ ಪರರದಾದರೆ ರೆಕ್ಕೆ ನಮ್ಮದಾಗದು
(ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಲ್ಲಿ ಮಾಡಿದ ಭಾಷಣ)



ಹಿರೇಬೆಂಡಿಗೇರಿಯಲ್ಲಿ ನಿಂತು ಯುದ್ಧವಿಮಾನದ ಇಂಜಿನ್ನಿನ ಮಾತಾಡಿದರೆ ಕೆಲವರಿಗೆ ನಗು ಬಂದೀತು. ಮಳೆ, ಹತ್ತಿಯ ದರ, ಗೊಬ್ಬರ, ಸಾಲದ ಬಡ್ಡಿ ಇವನ್ನೆಲ್ಲ ಬಿಟ್ಟು ಆಕಾಶಕ್ಕೆ ಏಣಿ ಹಾಕುವುದೇಕೆ ಎಂದು ಕೇಳಿಯಾರು. ಆದರೆ ವಿಮಾನದ ರೊಕ್ಕ ಆಕಾಶದಿಂದ ಉದುರುವುದಿಲ್ಲ. ನೀವು ಕೊಳ್ಳುವ ಸಾಬೂನಿನ ಮೇಲೆ, ಬಟ್ಟೆಯ ಮೇಲೆ, ಡೀಸೆಲಿನ ಮೇಲೆ ಕೊಟ್ಟ ತೆರಿಗೆಯೇ ಅಲ್ಲಿಗೆ ಹೋಗುತ್ತದೆ. ರೊಕ್ಕ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ. ಆ ಲೆಕ್ಕ ಹೇಳಲಿಕ್ಕೆಂದೇ ನಾನು ನಿಂತಿದ್ದೇನೆ.

2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಅಮ್ಕಾ ಎಂಬ ಹೊಸ ಯುದ್ಧವಿಮಾನದ ವಿನ್ಯಾಸಕ್ಕೂ ಮಾದರಿಗಳಿಗೂ ಸುಮಾರು 15,000 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಇದು ಶತ್ರುವಿನ ರಾಡಾರಿಗೆ ಸುಲಭವಾಗಿ ಕಾಣದ ವಿಮಾನ. ಮೈಯ ಓರೆಕೋರೆಗಳಿಂದ ರಾಡಾರಿನ ಅಲೆಗಳನ್ನು ಬೇರೆ ದಿಕ್ಕಿಗೆ ಚದುರಿಸುವುದು, ಉಳಿದವನ್ನು ಲೇಪದಿಂದ ಹೀರುವುದು, ಬಾಂಬುಗಳನ್ನು ಹೊಟ್ಟೆಯೊಳಗೆ ಅಡಗಿಸಿಕೊಳ್ಳುವುದು ಇದರ ಲಕ್ಷಣ. ಅದರ ವಿನ್ಯಾಸ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಒಳ್ಳೆಯದೇ. ಆದರೆ ಅದರ ಗುಂಡಿಗೆ ಯಾರದು? ಮೊದಲ ವಿಮಾನಗಳಿಗೆ ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪನಿಯ ಎಫ್-414 ಇಂಜಿನ್. ಮುಂದಿನವುಗಳಿಗೆ ಹೆಚ್ಚು ಬಲದ ಇಂಜಿನ್ನನ್ನು ಫ್ರಾನ್ಸಿನ ಸಫ್ರಾನ್ ಕಂಪನಿಯ ಜೊತೆಗೂಡಿ ಇಲ್ಲಿಯೇ ಮಾಡುವುದಾಗಿ 2025ರ ಆಗಸ್ಟಿನಲ್ಲಿ ರಕ್ಷಣಾ ಮಂತ್ರಿಗಳು ಸಾರಿದರು.

ಈ ಇಂಜಿನ್ ಅಷ್ಟು ಕಠಿಣವೇಕೆ? ಹೊಲದ ಡೀಸೆಲ್ ಪಂಪು ನಿಮಗೆಲ್ಲ ಗೊತ್ತು. ಅದು ಗಾಳಿ ಎಳೆಯುತ್ತದೆ, ಒತ್ತುತ್ತದೆ, ಎಣ್ಣೆ ಉರಿಸುತ್ತದೆ, ಹೊಗೆ ಬಿಡುತ್ತದೆ. ಒಂದಾದ ಮೇಲೊಂದು ನಾಲ್ಕು ಕೆಲಸ. ಜೆಟ್ ಇಂಜಿನ್ ಮಾಡುವುದೂ ಇವೇ ನಾಲ್ಕನ್ನು, ಆದರೆ ಏಕಕಾಲಕ್ಕೆ, ಎಡೆಬಿಡದೆ. ಮುಂದಿನ ಅಲಗುಗಳು ಗಾಳಿಯನ್ನು ಒತ್ತುತ್ತವೆ. ನಡುವೆ ಸೀಮೆಎಣ್ಣೆಯಂಥ ಇಂಧನ ಉರಿಯುತ್ತದೆ. ಆ ಉರಿಗಾಳಿ ಹಿಂದಿನ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರವೇ ಮುಂದಿನ ಅಲಗುಗಳನ್ನು ತಿರುಗಿಸುತ್ತದೆ. ಉಳಿದ ಗಾಳಿ ಹಿಂದಕ್ಕೆ ಚಿಮ್ಮಿ ವಿಮಾನವನ್ನು ಮುಂದಕ್ಕೆ ನೂಕುತ್ತದೆ.

ಕಷ್ಟವಿರುವುದು ಆ ಟರ್ಬೈನಿನ ಅಲಗಿನಲ್ಲಿ. ಅದರ ಮೇಲೆ ಹಾಯುವ ಗಾಳಿ ಆ ಲೋಹ ಕರಗುವ ಬಿಸಿಗಿಂತಲೂ ಬಿಸಿ. ಜೊತೆಗೆ ತಿರುಗುವ ರಭಸಕ್ಕೆ ಅಂಗೈಯಗಲದ ಅಲಗನ್ನು ಟನ್ನುಗಟ್ಟಲೆ ಬಲ ಹೊರಕ್ಕೆ ಜಗ್ಗುತ್ತದೆ. ಕರಗಬಾರದು, ಹಿಗ್ಗಬಾರದು, ಬಿರಿಯಬಾರದು. ಇದಕ್ಕಾಗಿ ನಿಕ್ಕಲ್ ಬೆರಕೆಯ ಲೋಹವನ್ನು ಕಲ್ಲುಸಕ್ಕರೆಯ ಹರಳಿನ ಹಾಗೆ ಇಡಿಯ ಅಲಗು ಒಂದೇ ಹರಳಾಗುವಂತೆ ಎರಕ ಹೊಯ್ಯಬೇಕು. ಕಣಕಣದ ನಡುವೆ ಸಂದು ಇದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಅಲಗಿನೊಳಗೆ ಕೂದಲೆಳೆಯಂಥ ದಾರಿ ಕೊರೆದು ತಂಪು ಗಾಳಿ ಹಾಯಿಸಬೇಕು. ಈ ವಿದ್ಯೆಯನ್ನು ಪೂರ್ತಿಯಾಗಿ ಬಲ್ಲ ದೇಶಗಳು ಬೆರಳೆಣಿಕೆಯಷ್ಟು. ಅವು ವಿಮಾನ ಮಾರುತ್ತವೆ, ಇಂಜಿನ್ನನ್ನೂ ಮಾರುತ್ತವೆ. ಅಲಗಿನ ಗುಟ್ಟನ್ನು ಮಾತ್ರ ಮಾರಲೊಲ್ಲವು.

ಪರರ ಇಂಜಿನ್ನನ್ನು ನಂಬಿದ ಫಲವನ್ನು ನಾವು ಮೊದಲೇ ಉಂಡಿದ್ದೇವೆ. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆ ತೆರೆದರು. ಮುಂದೆ ಅದು ಸರಕಾರದ ಎಚ್.ಎ.ಎಲ್. ಆಯಿತು. ಅಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳುತನದಲ್ಲಿ ನಮ್ಮ ಜನ ಮಾರುತ ಎಂಬ ಯುದ್ಧವಿಮಾನ ಕಟ್ಟಿದರು. 1961ರ ಜೂನ್ 17ರಂದು ಅದು ಹಾರಿತು. ಶಬ್ದದ ಎರಡು ಪಟ್ಟು ವೇಗ ಬೇಕೆಂದು ವಾಯುಪಡೆ ಕೇಳಿತ್ತು. ಮೈಕಟ್ಟು ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ಬೇಕಾದ ಬಲದ ಇಂಜಿನ್ನನ್ನು ಬೆಳೆಸಲು ಬ್ರಿಟಿಷ್ ಸರಕಾರ ಹಣ ಹಾಕಲಿಲ್ಲ, ನಮ್ಮ ಸರಕಾರವೂ ಹಾಕಲಿಲ್ಲ. ಈಜಿಪ್ಟಿನ ಇಂಜಿನ್ನಿನ ಆಸೆಯೂ 1969ರಲ್ಲಿ ಮುರಿಯಿತು. ಇದ್ದ ಸಣ್ಣ ಆರ್ಫಿಯಸ್ ಇಂಜಿನ್ನಿಗೇ ಬಲ ಕೂಡಿಸುವ ಯತ್ನದಲ್ಲಿ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಸುರಂಜನ್ ದಾಸ್ ಎಂಬ ಧೀರ ವೈಮಾನಿಕರು ಪ್ರಾಣ ಕೊಟ್ಟರು. 147 ಮಾರುತಗಳನ್ನು ಕಟ್ಟಿದೆವು. ಕಡೆಯತನಕ ಆ ವಿಮಾನಕ್ಕೆ ತಕ್ಕ ಇಂಜಿನ್ ಸಿಕ್ಕಲಿಲ್ಲ.

ಎರಡನೆಯ ಪಾಠ ಕಾವೇರಿಯದು. ಬೆಂಗಳೂರಿನ ಜಿ.ಟಿ.ಆರ್.ಇ. ಎಂಬ ಸರಕಾರಿ ಸಂಸ್ಥೆಗೆ 1989ರಲ್ಲಿ ತೇಜಸ್ ವಿಮಾನಕ್ಕೆಂದು ಈ ಇಂಜಿನ್ ಮಾಡುವ ಕೆಲಸ ಕೊಟ್ಟರು. ಹಣ 382.81 ಕೋಟಿ, ಅವಧಿ 93 ತಿಂಗಳು. ಬೇಕಾಗಿದ್ದ ನೂಕುಬಲ 81 ಕಿಲೋನ್ಯೂಟನ್, ಅಂದರೆ ಎಂಟು ಟನ್ನಿಗಿಂತ ತುಸು ಹೆಚ್ಚು. ಬಂದದ್ದು 70ರ ಆಸುಪಾಸು. ತೂಕವೂ ಮಿತಿ ಮೀರಿತು. 2008ರಲ್ಲಿ ಅದನ್ನು ತೇಜಸಿನಿಂದ ಬೇರ್ಪಡಿಸಿದರು. ಎತ್ತರದ ತೆಳುಗಾಳಿಯಲ್ಲಿ ಅದನ್ನು ಪರೀಕ್ಷಿಸುವ ಸೌಕರ್ಯ ನಮ್ಮ ದೇಶದಲ್ಲಿರಲಿಲ್ಲ. ರಶಿಯಾಕ್ಕೆ ಒಯ್ದು 2010ರಲ್ಲಿ ಅವರ ವಿಮಾನಕ್ಕೆ ಕಟ್ಟಿ ಹಾರಿಸಬೇಕಾಯಿತು. ಒರೆಗಲ್ಲು ಪರರ ಮನೆಯಲ್ಲಿದ್ದರೆ ಅಕ್ಕಸಾಲಿಗ ಕಸುಬು ಕಲಿಯುವುದೆಂತು?

“ಕಾವೇರಿಗೆ ಸುರಿದ ಹಣ ನೀರಿಗೆ ಹೋಯಿತು” ಎಂದು ಪಂಡಿತರು ಹೇಳುತ್ತಾರೆ. ಗಿರಣಿಯ ಲೆಕ್ಕದಲ್ಲೇ ನೋಡೋಣ. ಮೂವತ್ತು ವರ್ಷಗಳಲ್ಲಿ ಕಾವೇರಿಗೆ ಆದ ಖರ್ಚು ಸುಮಾರು 2,000 ಕೋಟಿ. 2016ರಲ್ಲಿ 36 ರಫೇಲ್ ವಿಮಾನಗಳಿಗೆ ಒಪ್ಪಿದ್ದು, ಶಸ್ತ್ರ ಸಲಕರಣೆ ಸೇರಿ, ಸುಮಾರು 59,000 ಕೋಟಿ. ಅಂದರೆ ಒಂದು ತಲೆಮಾರಿನ ವಿಜ್ಞಾನಿಗಳ ದುಡಿಮೆಗೆ ಹಾಕಿದ ಹಣ ಎರಡು ಪರದೇಶೀ ವಿಮಾನಗಳ ಬೆಲೆಗಿಂತ ಕಡಿಮೆ! ತಪ್ಪು ನಡೆಯಲಿಲ್ಲವೆಂದಲ್ಲ. ತಡವಾಯಿತು, ಅಂದಾಜು ಕೆಟ್ಟಿತು, 2011ರಲ್ಲಿ ಲೆಕ್ಕ ಪರಿಶೋಧಕರು ಅದನ್ನು ಬರೆದೂ ಇಟ್ಟರು. ಆದರೆ ಬಿತ್ತನೆಗೆ ಜಿಪುಣತನ ಮಾಡಿ ಸುಗ್ಗಿಗೆ ಗಾಡಿ ಕಟ್ಟಿಕೊಂಡು ಹೋದವನು ಹೊಲವನ್ನು ಬೈದರೇನು ಫಲ?

ಕೊಂಡು ತರುವವನ ಗತಿಯನ್ನೂ ನೋಡಿರಿ. 1998ರಲ್ಲಿ ಪೋಖರಣದ ಅಣುಸ್ಫೋಟದ ನಂತರ ಅಮೆರಿಕ ನಿರ್ಬಂಧ ಹೇರಿತು. ತೇಜಸಿನ ಕೆಲಸಕ್ಕೆಂದು ಅಲ್ಲಿದ್ದ ನಮ್ಮ ಇಂಜಿನಿಯರರು ಬರಿಗೈಲಿ ಮರಳಿದರು. 2021ರಲ್ಲಿ ಎಚ್.ಎ.ಎಲ್. ಅದೇ ದೇಶದಿಂದ 99 ಇಂಜಿನ್‌ಗಳಿಗೆ ಕರಾರು ಮಾಡಿತು. ಮೊದಲನೆಯದು ಬಂದದ್ದು 2025ರ ಮಾರ್ಚಿನಲ್ಲಿ. ನಮ್ಮ ಕಾರ್ಮಿಕರು ಕಟ್ಟಿದ ವಿಮಾನಗಳು ಇಂಜಿನ್ನಿನ ದಾರಿ ಕಾಯುತ್ತ ಕುಳಿತವು. 2025ರ ಸೆಪ್ಟೆಂಬರಿನಲ್ಲಿ ಹಳೆಯ ಮಿಗ್-21ಗಳು ನಿವೃತ್ತವಾದವು. ವಾಯುಪಡೆಗೆ ಮಂಜೂರಾದ ದಳಗಳು 42. ಆಗ ಉಳಿದವು 29. ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ನಮ್ಮ ಗಿರಣಿಗಳ ಯಂತ್ರವೆಲ್ಲ ಲ್ಯಾಂಕಾಶೈರಿನಿಂದ ಬರುತ್ತಿತ್ತು. ಒಂದು ಹಲ್ಲುಗಾಲಿ ಮುರಿದರೆ ಹಡಗು ಬರುವತನಕ ಸಾಂಚೆ ನಿಲ್ಲುತ್ತಿತ್ತು. ಸಾಂಚೆ ನಿಂತಾಗ ಮೊದಲು ನಿಲ್ಲುವುದು ಕೂಲಿಕಾರನ ಪಗಾರ.

ಇನ್ನೊಂದು ಪ್ರಶ್ನೆ: ಲೈಸೆನ್ಸ್ ತಂದು ಇಲ್ಲೇ ಮಾಡಿದರಾಗದೇ? ಅದನ್ನೂ ಮಾಡಿದ್ದೇವೆ. ಬೆಂಗಳೂರಿನಲ್ಲಿ ಆರ್ಫಿಯಸ್, ಅಡೂರ್. ಒಡಿಶಾದ ಕೋರಾಪುಟದಲ್ಲಿ ಮಿಗ್ ಮತ್ತು ಸುಖೋಯ್ ಇಂಜಿನ್‌ಗಳನ್ನು ನಮ್ಮ ಕೈಗಳೇ ಕಟ್ಟಿದವು. ಆದರೆ ನಕ್ಷೆಯ ಪ್ರಕಾರ ಕಟ್ಟುವುದು ಬೇರೆ, ನಕ್ಷೆ ಬರೆಯುವುದು ಬೇರೆ. ಹೇಗೆ ಮಾಡಬೇಕೆಂಬುದನ್ನು ಅವರು ಕೊಟ್ಟರು. ಹಾಗೆಯೇ ಏಕೆ ಮಾಡಬೇಕೆಂಬುದನ್ನು ಕೊಡಲಿಲ್ಲ. ಸಫ್ರಾನಿನ ಜೊತೆಗಿನ ಕರಾರನ್ನು ತೂಗಬೇಕಾದ ತಕ್ಕಡಿ ಇದೇ. ವಿನ್ಯಾಸದ ಒಡೆತನ ಯಾರದು? ಅಲಗಿನ ಎರಕ ಯಾರ ಕೈಯಲ್ಲಿ? ನಾಳೆ ತಿದ್ದಬೇಕೆಂದರೆ ಪ್ಯಾರಿಸಿನ ಅಪ್ಪಣೆ ಬೇಕೋ ಬೇಡವೋ?

“ಬಡವರ ದೇಶಕ್ಕೆ ಯುದ್ಧವಿಮಾನವೇಕೆ?” ಎಂಬ ಮಾತಿಗೂ ಉತ್ತರ ಕೊಡಬೇಕು. ಶಾಂತಿಯೇ ನಮ್ಮ ಹಾದಿ. ಒಂದು ಬಾಂಬಿನ ರೊಕ್ಕದಲ್ಲಿ ಶಾಲೆ ಆಗುವುದಾದರೆ ಶಾಲೆಯೇ ಆಗಲಿ. ಆದರೆ ಇಂಜಿನ್ ಮಾಡದಿದ್ದರೆ ಆ ಹಣ ಶಾಲೆಗೆ ಬರುವುದಿಲ್ಲ. ಇಂಜಿನ್ ಮಾರುವವನ ಗಲ್ಲೆಗೆ ಹೋಗುತ್ತದೆ. ಈ ವಿದ್ಯೆ ಯುದ್ಧಕ್ಕಷ್ಟೇ ಮೀಸಲೂ ಅಲ್ಲ. ಕಾವೇರಿಯ ತಿರುಳಿನಿಂದಲೇ ಹಡಗು ನಡೆಸುವ 12 ಮೆಗಾವ್ಯಾಟಿನ ಟರ್ಬೈನ್ ಮಾಡಿ ವಿಶಾಖಪಟ್ಟಣದಲ್ಲಿ ನೌಕಾದಳಕ್ಕೆ ತೋರಿಸಿದ್ದಾರೆ. ಗ್ಯಾಸಿನಿಂದ ವಿದ್ಯುತ್ ಮಾಡುವುದೂ ಇದೇ ಜಾತಿಯ ಯಂತ್ರದಿಂದ.

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು. ಒಂದು, ಇಂಜಿನ್ನಿಗೆ ಹಣವನ್ನು ವರ್ಷ ವರ್ಷ ಚಿಮುಕಿಸದೆ ಇಪ್ಪತ್ತು ವರ್ಷದ ಕಟ್ಟುಪಾಡಾಗಿ ಇಡಬೇಕು. ಎರಡು, ಎತ್ತರದ ಪರೀಕ್ಷೆಯ ಸೌಕರ್ಯವೂ ಹಾರುವ ಪರೀಕ್ಷಾ ವಿಮಾನವೂ ಈ ನೆಲದಲ್ಲೇ ಇರಬೇಕು. ಮೂರು, 2025ರ ಮೇ ತಿಂಗಳ ತೀರ್ಮಾನದಂತೆ ಅಮ್ಕಾ ಕಟ್ಟುವ ಕೆಲಸಕ್ಕೆ ಖಾಸಗಿ ಕಂಪನಿಗಳೂ ಪೈಪೋಟಿಗೆ ಬರಬಹುದು. ಬರಲಿ, ಆದರೆ ಜನರ ತೆರಿಗೆಯಿಂದ ಹುಟ್ಟಿದ ವಿದ್ಯೆ ಯಾವ ಬಂಡವಾಳಗಾರನ ಖಾಸಗಿ ಆಸ್ತಿಯೂ ಆಗಬಾರದು. ನಾಲ್ಕು, ಎರಕದವನನ್ನೂ ಲೇಥಿನವನನ್ನೂ ಗುತ್ತಿಗೆಯ ಕೂಲಿಯಾಗಿ ಇಡಬಾರದು. 2019ರ ಅಕ್ಟೋಬರಿನಲ್ಲಿ ಎಚ್.ಎ.ಎಲ್. ಕಾರ್ಮಿಕರು ಸಂಬಳದ ಪ್ರಶ್ನೆಗೆ ಮುಷ್ಕರ ಹೂಡಬೇಕಾಯಿತು. ಕೂದಲೆಳೆಯ ಹತ್ತರಲ್ಲೊಂದು ಪಾಲಿನ ವ್ಯತ್ಯಾಸ ಹಿಡಿಯುವ ಕೈ ಹತ್ತು ವರ್ಷದ ಅನುಭವದಿಂದ ಪಳಗುತ್ತದೆ. ಹನ್ನೊಂದು ತಿಂಗಳ ಗುತ್ತಿಗೆಯಿಂದ ಪಳಗುವುದಿಲ್ಲ.

ಬಂಧುಗಳೇ, ಚೀನ ದೇಶವೂ ತನ್ನ ಇಂಜಿನ್ನಿನ ಕೆಲಸ ಹಿಡಿಯಿತು. ಅದೂ ದಶಕಗಳ ಕಾಲ ಎಡವಿತು. ಎಡವಿದರೂ ಕೆಲಸ ಬಿಡಲಿಲ್ಲ. ಇಂದು ಅದರ ವಿಮಾನಗಳು ತನ್ನದೇ ಇಂಜಿನ್ನಿನ ಮೇಲೆ ಹಾರುತ್ತವೆ. ನಾವು ಮೂರು ಸಾವಿರ ಗಂಟೆಗೂ ಮೀರಿ ಕಾವೇರಿಯನ್ನು ಓಡಿಸಿ ಕಲಿತದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಅಮ್ಕಾ ಮತ್ತೊಂದು ಮಾರುತವಾದೀತು. ನಿಮ್ಮ ಲೋಕಸಭಾ ಸದಸ್ಯರು ವೋಟು ಕೇಳಲು ಬಂದಾಗ ರಸ್ತೆ, ನೀರು, ರೇಶನ್ ಕೇಳಿರಿ. ಅದರ ಜೊತೆಗೆ ಇದೊಂದನ್ನೂ ಕೇಳಿರಿ: “ಸಾಹೇಬರೇ, ನಮ್ಮ ರೊಕ್ಕದ ವಿಮಾನಕ್ಕೆ ನಮ್ಮ ಇಂಜಿನ್ ಯಾವಾಗ?”