ಕಂತಿಗೆ ಮೊದಲು ಪಹಣಿ ನೋಡೋಣ



2019ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಕಿಸಾನ್ ಯೋಜನೆ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ನೇರ ಬ್ಯಾಂಕ್ ಖಾತೆಗೆ ಹಾಕುತ್ತದೆ. ನಡುವೆ ದಲ್ಲಾಳಿ ಇಲ್ಲ, ಒಳ್ಳೆಯದೇ. ಆದರೆ ಸಾಫ್ಟ್‌ವೇರ್ ಕೆಲಸದವನಾಗಿ ಒಂದು ಮಾತು: ಕಂಪ್ಯೂಟರಿಗೆ ಬೆವರು ಕಾಣದು, ದಾಖಲೆಯ ಹೆಸರಷ್ಟೇ ಕಾಣುತ್ತದೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಉಳುವ ಮೊಮ್ಮಗನಿಗೆ ಕಂತು ಬಾರದು. ಗಂಡನನ್ನು ಕಳೆದುಕೊಂಡ ತಾಯಂದಿರ ಪಾಡೂ ಅದೇ. ಗೇಣಿಗೆ ಮಾಡುವವರಿಗೆ ಈ ಯೋಜನೆಯಲ್ಲಿ ಜಾಗವೇ ಇಲ್ಲ. ಅದನ್ನು ಸರ್ಕಾರವೇ ಸರಿಪಡಿಸಬೇಕು.

ನಮ್ಮ ಕೈಲಾಗುವುದೂ ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಜೋಡಿಸಿ ಪೌತಿ ಖಾತೆಗೆ ಅರ್ಜಿ ಕೊಡಿಸೋಣ, ಇ-ಕೆವೈಸಿ ಮಾಡಿಸೋಣ. ಅರ್ಜಿ ಬರೆಯುವುದನ್ನು ನಮಗೆ ಕಲಿಸಿದ್ದು ಇದೇ ಶಾಲೆ. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರು ಒಂದೊಂದು ಮನೆಯ ಕಾಗದ ಸರಿಮಾಡಿಸಿದರೆ ಸುವರ್ಣ ಮಹೋತ್ಸವಕ್ಕೆ ಅದೇ ಕಾಣಿಕೆ.